ಮಾಸಿಬಿಸಿಯ ಸೀಟು

ಝೆಫಾನಿಯಾ ಎಂಬಾತ ಮೂವತ್ತೆಂಟು ವರ್ಷ ಬಸ್ಸು ಓಡಿಸಿದವನು. ನಿವೃತ್ತನಾದ ದಿನ ಮನೆಗೆ ಬಂದು, ಬೂಟು ಬಿಚ್ಚಿ ಮೂಲೆಗೆಸೆದು, "ಇನ್ನು ಈ ಕುಂಡಿ ಯಾವ ಗಾಡಿ ಸೀಟಿಗೂ ತಾಗಲ್ಲ" ಎಂದು ಹೆಂಡತಿಗೆ ಹೇಳಿದ್ದ. ಹೇಳಿದಂತೆಯೇ ನಡೆದುಕೊಂಡ. ಹಟಮಾರಿಗಳ ಕಷ್ಟವೇ ಇದು, ಬೇಡದ ಮಾತನ್ನೇ ತಪ್ಪದೆ ಉಳಿಸಿಕೊಳ್ಳುತ್ತಾರೆ.

ಹೆಂಡತಿ ಮಾಸಿಬಿಸಿ ಇದಕ್ಕೆ ತದ್ವಿರುದ್ಧ. ಮೂವತ್ತನಾಲ್ಕು ವರ್ಷ ಆಸ್ಪತ್ರೆಯ ವಾರ್ಡುಗಳಲ್ಲಿ ನಿಂತೇ ದುಡಿದ ನರ್ಸು ಆಕೆ. ಕೆಲಸ ಬಿಟ್ಟ ಮೇಲೆ ಆಕೆಗೆ ಬೇಕಾಗಿದ್ದುದು ಒಂದೇ: ಕಿಟಕಿಯ ಪಕ್ಕ ಕೂತು ಊರೂರು ನೋಡುತ್ತ ಹೋಗುವುದು. ತನ್ನಂತೆಯೇ ನಿವೃತ್ತರಾದ ಹನ್ನೊಂದು ಮಂದಿ ನರ್ಸುಗಳನ್ನು ಒಟ್ಟುಮಾಡಿ ವರ್ಷಕ್ಕೊಂದು ಪ್ರವಾಸ ಹೊರಡಿಸುತ್ತಿದ್ದಳು. ಹೊಸ ಕ್ಯಾನ್ವಾಸ್ ಶೂ, ಅಗಲ ಅಂಚಿನ ಟೋಪಿ, ಡಬ್ಬಿ ತುಂಬ ಹುರಿದ ಕೋಳಿ. ಬಸ್ಸು ಲೇಡಿಸ್ಮಿತ್ ದಾಟುವುದರೊಳಗೆ ಹಾಡು ಶುರುವಾಗುತ್ತಿತ್ತು. ಹೋದಲ್ಲಿಂದೆಲ್ಲ ಗಂಡನಿಗೆ ಫೋನು ಮಾಡುತ್ತಿದ್ದಳು. ಕರೆಯುತ್ತಿದ್ದುದು ಅವನ ಕುಲದ ಹೆಸರು ಹಿಡಿದು.

"ಶಾಂದು, ಇಲ್ಲೊಂದು ನೀರ್ಗುದುರೆ ಬಾಯಿ ತೆಕ್ಕೊಂಡು ನಿಂತಿದೆ. ಥೇಟು ನಿಮ್ಮಣ್ಣ ಚರ್ಚಲ್ಲಿ ಆಕಳಿಸ್ದಂಗೆ."

"ಹೂಂ. ಗಾಡಿ ಹೆಂಗಿದೆ? ಏರಲ್ಲಿ ಎಳೀತದಾ?"

"ನಾನು ನೀರ್ಗುದುರೆ ವಿಷಯ ಹೇಳ್ತಿದೀನಿ."

"ಅದ್ರ ಪಾಡಿಗೆ ಅದಿರ್ಲಿ. ಬ್ರೇಕು ಕಿರುಗುಟ್ತದಾ ಕೇಳು."

ಪ್ರತಿ ವರ್ಷವೂ ಅವನನ್ನು ಕರೆದಳು. "ಆ ರಸ್ತೆಯೆಲ್ಲ ನಾನು ನೋಡಿದ್ದೇ ಕಣೆ" ಎನ್ನುತ್ತಿದ್ದ. ರಸ್ತೆ ನೋಡಿದ್ದು ನಿಜ. ಅದರ ಅಕ್ಕಪಕ್ಕ ಏನಿದೆಯೆಂದು ಅವನು ಎಂದೂ ತಿರುಗಿ ನೋಡಿದವನಲ್ಲ. ಚಾಲಕನೊಂದಿಗೆ ಮಾತನಾಡಬಾರದು ಎಂದು ಬಸ್ಸಿನಲ್ಲಿ ಬರೆದಿರುತ್ತದಲ್ಲ, ಮನೆಯಲ್ಲೂ ಅದನ್ನೇ ಹಣೆಗೆ ಅಂಟಿಸಿಕೊಂಡಂತೆ ಇರುತ್ತಿದ್ದ. ಈ ಸಲ ಹೊರಡುವಾಗ ಆಕೆ ಬಾಗಿಲಲ್ಲಿ ನಿಂತು ಹೇಳಿದ್ದಳು: "ಮುಂದಿನ ವರ್ಷ ಹಿಮದ ಬೆಟ್ಟಕ್ಕೆ. ನೀನು ಬರ್ಲೇಬೇಕು. ಕಿಟಕಿ ಸೀಟು ನಂದು, ಪಕ್ಕದ್ದು ನಿಂದು."

"ನೋಡಾಣ" ಎಂದಿದ್ದ. ಅವನ 'ನೋಡಾಣ'ದ ಅರ್ಥ ಆಕೆಗೆ ನಲವತ್ತೊಂದು ವರ್ಷದಿಂದ ಗೊತ್ತಿತ್ತು. ನಕ್ಕು ಹೋದಳು.

ಮಂಗಳವಾರ ತೆಂಕಣ ಕರಾವಳಿಯಲ್ಲಿ ಮೊಣಕಾಲುದ್ದ ಸಮುದ್ರದಲ್ಲಿ ನಿಂತು, ಗೆಳತಿಯರ ಮೇಲೆ ನೀರೆರಚುತ್ತಿದ್ದವಳು ಹಾಗೆಯೇ ಕುಳಿತುಬಿಟ್ಟಳಂತೆ. ತಮಾಷೆ ಮಾಡುತ್ತಿದ್ದಾಳೆಂದು ಅವರು ಇನ್ನೂ ನಾಲ್ಕು ಬೊಗಸೆ ಎರಚಿದರಂತೆ. ಪೋರ್ಟ್ ಶೆಪ್ಸ್ಟನ್ನಿನ ಆಸ್ಪತ್ರೆಯಲ್ಲಿ ಸಂಜೆಯ ಹೊತ್ತಿಗೆ ಎಲ್ಲ ಮುಗಿದಿತ್ತು. ಬುಧವಾರ ದೇಹ ಊರಿಗೆ ಬಂತು. ಶನಿವಾರ ಮಣ್ಣು ಮಾಡುವುದೆಂದಾಯಿತು.

ಆದರೆ ದೇಹ ಬಂದರೆ ಅರ್ಧ ಬಂದಂತೆ. ಪರಸ್ಥಳದಲ್ಲಿ ಸತ್ತವರ ಜೀವ ಸತ್ತ ಜಾಗದಲ್ಲೇ ಕಾಯುತ್ತಿರುತ್ತದೆ, ಮನೆಯವರು ಹೋಗಿ ಕರೆತರಬೇಕು. ಝೆಫಾನಿಯಾನ ಅಣ್ಣ ಎಲ್ಫಾಸ್ ಬೋರೆ ಜಾತಿಯ ಉಮ್‌ಫಾಫ ಮರದಿಂದ ಮುಳ್ಳಿನ ರೆಂಬೆಯೊಂದನ್ನು ಕಡಿದು ತಮ್ಮನ ಕೈಗಿತ್ತ.

"ಹಾಸಿಗೆ ಮೇಲೆ ರೆಂಬೆ ಎಳೆದು ಹೆಸ್ರು ಹಿಡಿದು ಕರಿ. ಇದರ ಮೇಲೆ ಕೂತು ಬರ್ತಾಳೆ. ಅವಳಿಗೂ ಒಂದು ಸೀಟು ಹಿಡಿ. ಹೊಳೆ ಬಂದ್ರೆ ಹೇಳು, ಗಾಡಿ ಬದ್ಲಾಯ್ಸಿದ್ರೆ ಹೇಳು. ಹೇಳ್ದಿದ್ರೆ ಅಲ್ಲೇ ಉಳ್ಕೋತಾಳೆ. ಬೇರೆ ಯಾರ ಹತ್ರಾನೂ ಬಾಯಿ ಬಿಡ್ಬೇಡ."

"ಆಯ್ತು."

"ಅವಳ ಹತ್ರ ಮಾತ್ರ ಮಾತಾಡ್ಬೇಕು, ಕೇಳಿಸ್ತಾ? ನಲವತ್ತು ವರ್ಷದ ಮಾತು ಬಾಕಿ ಇದೆ ನಿನ್ಹತ್ರ, ಸಾಲ್ದೆ ಬರಲ್ಲ ಬಿಡು" ಎಂದ ಎಲ್ಫಾಸ್. ಅಣ್ಣಂದಿರಿಗೆ ಇಂಥ ಹೊತ್ತಲ್ಲೂ ಚುಚ್ಚದಿದ್ದರೆ ಊಟ ಸೇರುವುದಿಲ್ಲ.

ಹಳೆಯ ಮಾತು ಮುರಿದು ಗಾಡಿ ಹತ್ತಿದ ಝೆಫಾನಿಯಾ ಗುರುವಾರ ಆಸ್ಪತ್ರೆ ಮುಟ್ಟಿದಾಗ ಆ ಹಾಸಿಗೆಯಲ್ಲಿ ಆಗಲೇ ಬೇರೊಬ್ಬ ಮುದುಕಿ ಮಲಗಿದ್ದಳು. ರೆಂಬೆ ಕಂಡದ್ದೇ ಆಕೆ ಕಾಲು ಮಡಚಿಕೊಂಡು ಕಣ್ಣು ಮುಚ್ಚಿದಳು. ಅವನು ರೆಂಬೆಯನ್ನು ಹೊದಿಕೆಯ ಮೇಲೆ ಮೆಲ್ಲಗೆ ಎಳೆದ. "ಮಾಸಿಬಿಸಿ, ನಾನು ಬಂದಿದೀನಿ. ಏಳು, ಮನೆಗೆ ಹೋಗಾಣ."

ವ್ಯಾನಿನಲ್ಲಿ ಕಿಟಕಿ ಪಕ್ಕದ ಸೀಟಿನ ಮೇಲೆ ರೆಂಬೆ ಇಟ್ಟು, ಪಕ್ಕದಲ್ಲಿ ತಾನು ಕೂತ. ಜೊತೆಯ ಪ್ರಯಾಣಿಕರು ತಾವಾಗಿಯೇ ದನಿ ತಗ್ಗಿಸಿದರು. ಉಮ್‌ಝಿಮ್‌ಖುಲು ಹೊಳೆ ಬಂದಾಗ ಹೇಳಿದ. ಉಮ್‌ಖೋಮಾಝಿ ಬಂದಾಗ ಹೇಳಿದ. ಡರ್ಬನ್ನಿನಲ್ಲಿ, "ಇಳಿ, ಇಲ್ಲಿ ಗಾಡಿ ಬದ್ಲಾಯಿಸ್ತೀವಿ" ಎಂದ. ಅಷ್ಟೇ, ನಿಲ್ದಾಣದ ಹೆಸರು ಕೂಗುವವನ ಹಾಗೆ. ಹೆಚ್ಚಿಗೆ ಏನು ಹೇಳಬೇಕೆಂದು ತಿಳಿಯಲಿಲ್ಲ, ನಾಚಿಕೆಯೂ ಆಗುತ್ತಿತ್ತು.

ಎಂಪೊಫಾನ ಪೇಟೆ ದಾಟಿ ಏರು ಹತ್ತುವಾಗ ಸುಟ್ಟ ರಬ್ಬರಿನ ವಾಸನೆ ಬಂತು. ಚಾಲಕನಿಗಿಂತ ಮೊದಲು ಅದು ಗೊತ್ತಾದದ್ದು ಝೆಫಾನಿಯಾನಿಗೆ. ವ್ಯಾನು ನಿಂತಿತು. ಉಳಿದವರೆಲ್ಲ ಇಳಿದರು. ಬೋಳುತಲೆಯ ಚಾಲಕ ಮುಚ್ಚಳ ಎತ್ತಿ ತಡಕಾಡತೊಡಗಿದ. ಝೆಫಾನಿಯಾ ತುಟಿ ಕಚ್ಚಿಕೊಂಡು ಕೂತ. ಹತ್ತು ನಿಮಿಷ ಕೂತ. ಆ ಪುಣ್ಯಾತ್ಮ ಬಿಗಿಯಬೇಕಾದ್ದನ್ನು ಬಿಟ್ಟು ಬಿಡಬೇಕಾದ್ದನ್ನು ಬಿಗಿಯಲು ಹೊರಟಾಗ ತಡೆಯಲಾಗಲಿಲ್ಲ. ರೆಂಬೆಯನ್ನು ಸೀಟಿನ ಮೇಲೆ ಬಿಟ್ಟು ಇಳಿದು ಹೋದ.

"ಅದಲ್ಲ ಕಣಯ್ಯ. ಕೆಳಗಡೆ ಬೆಲ್ಟು ನೋಡು. ಸ್ಪಾನರ್ ಕೊಡಿಲ್ಲಿ."

ಮುಕ್ಕಾಲು ಗಂಟೆ ಅವನ ಮೊಣಕೈವರೆಗೆ ಎಣ್ಣೆ. "ತಾತಂಗೆ ಎಂಜಿನ್ನಿನ ನಾಡಿ ಗೊತ್ತು" ಎಂದು ಯಾರೋ ಹೊಗಳಿದರು. ಹೇಳಲು ಸಂಕಟವಾಗುತ್ತದೆ, ಆದರೂ ಹೇಳಬೇಕು: ಮಂಗಳವಾರದಿಂದೀಚೆಗೆ ಅವನು ನೆಮ್ಮದಿಯಾಗಿದ್ದುದು ಆ ಮುಕ್ಕಾಲು ಗಂಟೆ ಮಾತ್ರ. ಬೆಲ್ಟು ಸರಿಹೋಯಿತು, ಎಂಜಿನ್ ಎಣ್ಣೆ ಸೋರುವುದು ನಿಲ್ಲಲಿಲ್ಲ. ಇನ್ನೊಂದು ವ್ಯಾನು ಬಂತು. ನೂಕುನುಗ್ಗಲಲ್ಲಿ ಅವನೂ ಓಡಿ ರೆಂಬೆ ಎತ್ತಿಕೊಂಡು ಹತ್ತಿದ. ಕಿಟಕಿ ಸೀಟನ್ನೂ ಹಿಡಿದ. ಉಥುಕೇಲಾ ಸೇತುವೆಯ ಮೇಲೆ "ಹೊಳೆ ಬಂತು" ಎಂದ, ಮನಸ್ಸೆಲ್ಲ ಸೋರುವ ಎಣ್ಣೆಯ ಮೇಲಿಟ್ಟುಕೊಂಡು.

ಮನೆಯ ಬೇಲಿಬಾಗಿಲು ಮುಚ್ಚಿತ್ತು. ಒಳಗೆ ಮೇಕೆ ಕಟ್ಟಿದ್ದರು. ಚಾಪೆಗಳ ಮೇಲೆ ಹೆಂಗಸರು ಕೂತಿದ್ದರು. ಮಾಸಿಬಿಸಿಯ ಜೊತೆ ಕರಾವಳಿಗೆ ಹೋಗಿದ್ದ ನರ್ಸು ಮಾಖುಬೇಕ ಮುಂದಿನ ಸಾಲಿನಲ್ಲಿದ್ದಳು. ಬಾಗಿಲು ತೆಗೆಯುವ ಮೊದಲು ಹಿರಿಯ ಕೇಳಬೇಕು, ತಂದವನು ದಾರಿಯನ್ನು ಒಪ್ಪಿಸಬೇಕು. ಆ ಮನೆಯ ಕ್ರಮವೇ ಹಾಗೆ.

"ಹೆಂಗೆ ಕರ್ಕೊಂಡು ಬಂದೆ, ಹೇಳು" ಎಂದ ಎಲ್ಫಾಸ್.

ಝೆಫಾನಿಯಾ ಹೊಳೆಗಳನ್ನು ಹೇಳಿದ, ಡರ್ಬನ್ ಹೇಳಿದ. "ಎಂಪೊಫಾನದ ಏರಲ್ಲಿ ಗಾಡಿ ಕೆಟ್ಟೋಯ್ತು. ಬೆಲ್ಟು ಸವೆದಿತ್ತು ಅಣ್ಣ, ಆ ಮಾರಾಯ ನೋಡ್ಕೊಂಡೇ ಇರ್ಲಿಲ್ಲ. ನಾನೇ ಇಳಿದು ಸರಿಮಾಡ್ದೆ. ಆದ್ರೆ ಎಣ್ಣೆ..."

"ಆಮೇಲೆ?"

ನುಂಗಿಬಿಡಬಹುದಿತ್ತು. 'ಬೇರೆ ಗಾಡಿ ಹತ್ತೋಣ ಅಂತ ಹೇಳ್ದೆ' ಎಂದಿದ್ದರೆ ಬಾಗಿಲು ತೆರೆಯುತ್ತಿತ್ತು, ಶನಿವಾರ ಎಲ್ಲವೂ ಸಾಂಗವಾಗಿ ಮುಗಿಯುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಅವನು ಕೈಯಲ್ಲಿದ್ದ ರೆಂಬೆಯನ್ನು ನೋಡಿದ. ಅದರ ಎಲೆಗಳಿಗೆ ಅವನ ಬೆರಳಿನ ಎಣ್ಣೆ ಮೆತ್ತಿತ್ತು.

"ಅಣ್ಣ, ಗಾಡಿ ಬದ್ಲಾಯಿಸ್ದಾಗ ಅವಳಿಗೆ ಹೇಳ್ಲಿಲ್ಲ. ಮರ್ತುಬಿಟ್ಟೆ. ಅವಳು ಅಲ್ಲೇ ಇದಾಳೆ."

ಎಲ್ಫಾಸ್ ಚುಚ್ಚಲಿಲ್ಲ. ಅದರಿಂದಲೇ ತಮ್ಮನಿಗೆ ಹೆಚ್ಚು ನೋವಾಯಿತು. ಮಾತಾಡಿದವಳು ಮಾಖುಬೇಕ: "ಬದುಕಿದ್ದಾಗ್ಲೂ ಗಾಡಿ ಗಾಡಿ ಅಂದೆ. ಸತ್ತ ಮೇಲಾದ್ರೂ ಒಂದಿನ ಅವಳನ್ನ ನೋಡ್ಬಾರ್ದಿತ್ತಾ, ಶಾಂದು?"

ರೆಂಬೆ ಒಳಗೆ ಹೋಗಲಿಲ್ಲ. ಅವನೂ ಹೋಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಎಂಪೊಫಾನದ ಏರಿನಲ್ಲಿ ಇಳಿದ. ಟಾರಿನ ಮೇಲೆ ಎಣ್ಣೆಯ ಕಪ್ಪು ಕಲೆ ಹಾಗೇ ಇತ್ತು, ಒರೆಸಿ ಎಸೆದ ಬಟ್ಟೆ ಹುಲ್ಲಿನಲ್ಲಿ ಬಿದ್ದಿತ್ತು. ಜುಲೈ ತಿಂಗಳ ಚಳಿಗಾಳಿ. ಅವನು ಮಂಡಿಯೂರಿ ರೆಂಬೆಯನ್ನು ಆ ಕಲೆಯ ಪಕ್ಕದಲ್ಲಿಟ್ಟ.

"ಮಾಸಿಬಿಸಿ, ನಿನ್ನ ಇಲ್ಲಿ ಬಿಟ್ಟು ಹೋದೆ. ಬೇಕಂತ ಅಲ್ಲ. ನಂಗೆ ನೆನಪೇ ಆಗ್ಲಿಲ್ಲ, ಅದು ಇನ್ನೂ ಕೆಟ್ಟದ್ದು. ಚಳೀಲಿ ಕೂರ್ಸಿಬಿಟ್ಟೆ ನಿನ್ನ. ಶಾಲೂ ಇರ್ಲಿಲ್ಲ." ಎಲೆಗಳಿಗೆ ಮೆತ್ತಿದ್ದ ಎಣ್ಣೆಯನ್ನು ಅಂಗಿಯ ತುದಿಯಿಂದ ಒರೆಸಿದ. "ಬೈಕೋ. ಬೈದು ಮುಗಿಸಿ ಎದ್ದು ಬಾ."

ಲಾರಿಗಳು ಹಾದುಹೋದವು. ಬಂದಳೋ ಇಲ್ಲವೋ ಎಂದು ಹೇಳುವವರು ಯಾರೂ ಇರಲಿಲ್ಲ. ಅವನು ಎದ್ದು ಎರಡು ಬೆರಳೆತ್ತಿ ಒಂದು ವ್ಯಾನನ್ನು ನಿಲ್ಲಿಸಿದ. "ಈಗ ಹತ್ತು, ಎಡಗಾಲು ಜೋಪಾನ, ಮೆಟ್ಟಿಲು ಎತ್ತರ ಇದೆ. ಕಿಟಕಿ ಸೀಟು ನಿಂದು." ಪಕ್ಕದಲ್ಲಿ ಕೂತ.

ಏರು ಮುಗಿದದ್ದೇ ಎಡಗಡೆ ದೂರದಲ್ಲಿ ಬೆಟ್ಟಸಾಲು ಕಂಡಿತು, ನೆತ್ತಿಯ ತುಂಬ ಹಿಮ. ಸಾವಿರಾರು ಸಲ ಓಡಾಡಿದ ರಸ್ತೆ. ಹಿಮವನ್ನು ಅವನು ನೋಡುತ್ತಿರುವುದು ಇದೇ ಮೊದಲು.

"ನೋಡೇ, ನಿನ್ನ ಬೆಟ್ಟ. ಮುಂದಿನ ವರ್ಷ ಅಂತಿದ್ಯಲ್ಲ, ಅದೇ. ಜೋಳದ ಹಿಟ್ಟು ಸುರಿದಂಗಿದೆ. ಕೆಳಗಡೆ ಒಂದು ಹುಡುಗಿ ಕೆಂಪು ಕೊಡೆ ಹಿಡ್ಕೊಂಡು ದನ ಕಾಯ್ತಿದಾಳೆ, ಮಳೆ ಇಲ್ಲ ಬಿಸ್ಲಿಲ್ಲ, ಯಾಕೋ. ನೀನಿದ್ದಿದ್ರೆ ಅದಕ್ಕೊಂದು ಕಥೆ ಕಟ್ಟಿರ್ತಿದ್ದೆ."

ಮಾತು ನಿಲ್ಲಲೇ ಇಲ್ಲ. ಕೊಕ್ಕರೆ ಕೂತ ಕೆರೆ, ಬಣ್ಣ ಬಣ್ಣದ ಗುಡಿಸಲು, ತಂತಿಗೆ ಒಣಹಾಕಿದ ಯಾರದೋ ಶಾಲಾ ಸಮವಸ್ತ್ರ, ಎಲ್ಲವನ್ನೂ ತೋರಿಸಿದ. ಉಥುಕೇಲಾ ಬಂದಾಗ ನೀರು ಎಷ್ಟಿದೆ, ಬಂಡೆ ಎಲ್ಲಿದೆ, ಬಟ್ಟೆ ಒಗೆಯುವ ಹೆಂಗಸರು ಎಷ್ಟು ಜನ, ಎಲ್ಲ ಹೇಳಿದ. ಹಿಂದಿನ ಸೀಟಿನಲ್ಲಿ ಯಾರೋ ಅಳುತ್ತಿದ್ದರು. ಅವನಿಗೆ ಕೇಳಿಸಲಿಲ್ಲ.

ಬೇಲಿಬಾಗಿಲಲ್ಲಿ ಎಲ್ಫಾಸ್ ದಾರಿ ಕೇಳಿದ. ಝೆಫಾನಿಯಾ ಒಂದೊಂದಾಗಿ ಒಪ್ಪಿಸಿದ. ದಾರಿಯುದ್ದ ಮಾತಾಡಿ ದನಿ ಒಡೆದು ಪಿಸುಮಾತಾಗಿತ್ತು.

"ಯಾವ ಗಾಡೀಲಿ ಬಂದ್ರಿ?" ಎಂದು ಎಲ್ಫಾಸ್ ಕೊನೆಗೆ ಕೇಳಿದ.

ಝೆಫಾನಿಯಾ ಹಿಂದಿರುಗಿ ನೋಡಿದ. ರಸ್ತೆಯಲ್ಲಿ ಧೂಳಷ್ಟೇ ಇತ್ತು. ಬಿಳಿಯದೋ, ಹಳದಿಯೋ, ಯಾವ ಕಂಪನಿಯದೋ, ಎಂಜಿನ್ ಹೇಗೆ ಉಸಿರಾಡುತ್ತಿತ್ತೋ, ಒಂದೂ ನೆನಪಿಗೆ ಬರಲಿಲ್ಲ.

"ಗೊತ್ತಿಲ್ಲ ಅಣ್ಣ" ಎಂದ. "ನಾನು ಅವಳ ಪಕ್ಕ ಕೂತಿದ್ದೆ."

ಎಲ್ಫಾಸ್ ಬಾಗಿಲು ತೆರೆದ. ಹೆಂಗಸರು ಎದ್ದು ನಿಂತರು. ಅಂಗಳ ದಾಟಿ, ತೀರಿಹೋದ ಹಿರಿಯರಿಗೆ ಮೀಸಲಾದ ಗುಡಿಸಲಿನ ಹೊಸ್ತಿಲ ಹತ್ತಿರ ಝೆಫಾನಿಯಾ ನಿಂತ. ಇನ್ನೊಂದೇ ಮಾತು ಉಳಿದಿತ್ತು: ಮನೆ ಬಂತು, ಇಳಿ ಎನ್ನಬೇಕು. ಅದನ್ನು ಹೇಳಿದರೆ ಇಬ್ಬರ ಪ್ರಯಾಣ ಮುಗಿಯಿತು. ರೆಂಬೆಯನ್ನು ಎದೆಗವಚಿಕೊಂಡು ಅವನು ಅಲ್ಲೇ ನಿಂತ. ಮುಳ್ಳು ಅಂಗಿ ದಾಟಿ ಚುಚ್ಚುತ್ತಿತ್ತು. ಮಾಖುಬೇಕ ಬಂದು ಅವನ ಬೆನ್ನ ಮೇಲೆ ಕೈಯಿಟ್ಟಳು. ಯಾರೂ ಅವನನ್ನು ಅವಸರಪಡಿಸಲಿಲ್ಲ.