ತುಟಿಯ ನಡುವಿನ ಗುಂಡುಸೂಜಿ

ಟೈಲರನ ಕೈ ಎಷ್ಟು ನಯವೋ ನಾಲಿಗೆ ಅಷ್ಟೇ ಒರಟು. ಬೀದಿಯವರು ಬೆನ್ನ ಹಿಂದೆ ಅವನನ್ನು ಮೆಣಸಿನಕಾಯಿ ಎನ್ನುತ್ತಿದ್ದರು. ಗಿರಾಕಿಗಳಿಗಾದರೂ ಬೇರೆ ಅಂಗಡಿಯಿತ್ತು. ಮೂಲೆಯಲ್ಲಿ ಕೂತು ಗುಂಡಿ ತೂರಿಸುವ ಕಾಜಾ ಹೊಲಿಯುವ ಹೆಂಡತಿ ಎಲ್ಲಿಗೆ ಹೋಗಬೇಕು? ಗುಂಡಿ ಸ್ವಲ್ಪ ವಾರೆಯಾದರೂ ಸಾಕು, ಅವಳ ತವರಿನವರನ್ನೆಲ್ಲ ಎಳೆದು ತಂದು ಜಾಲಾಡುತ್ತಿದ್ದ.

ಒಂದು ಮಧ್ಯಾಹ್ನ ಗಿರಾಕಿಗಳ ಎದುರಿಗೇ ಹಾಗೆ ಮಾಡಿದಾಗ ಅವಳು ಅಳಲಿಲ್ಲ. ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸತೊಡಗಿದಳು. ಎಷ್ಟು ಸಲ ಪೋಣಿಸಿದರೂ ದಾರ ಒಳಗೆ ಹೋಗಲೇ ಇಲ್ಲ. ಅವನು ಅದನ್ನೇ ನೋಡಿದ. ಇನ್ನು ಇವಳನ್ನು ಬೈಯುವುದಿಲ್ಲ ಎಂದು ಮನಸ್ಸಿನಲ್ಲೇ ಶಪಥ ಮಾಡಿದ. ಯಾರಿಗೂ ಹೇಳಲಿಲ್ಲ. ಹೇಳಿ ಆಮೇಲೆ ಮುರಿದರೆ ಮಾನ ಹೋಗುತ್ತದಲ್ಲ!

ಆದರೆ ನಾಲಿಗೆ ಕೇಳಬೇಕಲ್ಲ? ಅದಕ್ಕೊಂದು ಉಪಾಯ ಹೂಡಿದ. ಸಿಟ್ಟು ನೆತ್ತಿಗೇರಿದ ಕೂಡಲೇ ಡಬ್ಬಿಯಿಂದ ನಾಲ್ಕಾರು ಗುಂಡುಸೂಜಿ ತೆಗೆದು ತುಟಿಗಳ ನಡುವೆ ಕಚ್ಚಿಕೊಳ್ಳುತ್ತಿದ್ದ. ಬಟ್ಟೆಗೆ ಚುಚ್ಚುವ ಮೊದಲು ಟೈಲರುಗಳು ಹಾಗೆ ಕಚ್ಚಿಕೊಳ್ಳುವುದು ಇದ್ದದ್ದೇ, ಯಾರಿಗೂ ಅನುಮಾನ ಬರಲಿಲ್ಲ. ಬಾಯಿ ಬಿಟ್ಟರೆ ಸೂಜಿ ಗಂಟಲಿಗೆ! ಮಹಾರಾಯ ಗೆದ್ದ. ಬೈಗುಳ ನಿಂತೇಹೋಯಿತು.

ಗೆದ್ದವನಿಗೆ ರುಚಿ ಹತ್ತಿತು. ಸುಮ್ಮನೆ ಯಾಕೆ ಅಪಾಯ ಎಂದು ಸಿಟ್ಟಿಲ್ಲದಾಗಲೂ ಸೂಜಿ ಕಚ್ಚಿಕೊಂಡೇ ಕೂರತೊಡಗಿದ.

"ರೀ, ಇವತ್ತು ಯಾಕೋ ಕಣ್ಣು ಉರೀತಿದೆ" ಎಂದರೆ "ಹ್ಞೂಂ". "ಈ ಬಣ್ಣ ಚೆನ್ನಾಗಿದೆ ಅಲ್ವಾ?" ಎಂದರೂ "ಹ್ಞೂಂ". ಒಳಗೊಳಗೇ ತನ್ನ ಬೆನ್ನು ತಾನೇ ತಟ್ಟಿಕೊಳ್ಳುತ್ತಿದ್ದ. ಪಾಪ, ಅವಳಿಗೇನು ಗೊತ್ತು?

ಶಾಲೆಯ ಯೂನಿಫಾರ್ಮುಗಳು ರಾಶಿ ಬಿದ್ದಿದ್ದ ದಿನ ಅವಳು ಚೀಲ ಹಿಡಿದು ಬಾಗಿಲಲ್ಲಿ ನಿಂತಳು.

"ತಮ್ಮನ ಮನೆಗೆ ಹೋಗ್ತೀನಿ. ಹೋಗ್ಲಾ? ಬೇಡ ಅಂದ್ರೆ ಇರ್ತೀನಿ."

ಇಷ್ಟು ಕೆಲಸ ಇರುವಾಗಲೇ! ಅವನಿಗೆ ಸಿಟ್ಟು ಉಕ್ಕಿ ಬಂತು. ಸೂಜಿಗಳನ್ನು ಗಟ್ಟಿಯಾಗಿ ಕಚ್ಚಿಕೊಂಡು, ಹೋಗು ಎಂಬಂತೆ ತಲೆಯಾಡಿಸಿದ. ಅವಳು ಚೀಲವನ್ನು ಕೆಳಗಿಟ್ಟು ಮತ್ತೆ ಎತ್ತಿಕೊಂಡಳು. ಆಮೇಲೆ ಮೆಟ್ಟಿಲಿಳಿದು ಹೋದಳು.

ತಿಂಗಳು ಕಳೆದರೂ ಬರಲಿಲ್ಲ. ಕೊನೆಗೆ ಅವನೇ ಅವಳ ತಮ್ಮನ ಮನೆಗೆ ಹೋದ. ಅವಳು ಅಲ್ಲಿ ಇನ್ಯಾವುದೋ ಅಂಗಡಿಯ ಬಟ್ಟೆಗೆ ಕಾಜಾ ಹೊಲಿಯುತ್ತ, ತಮ್ಮನ ಹೆಂಡತಿಯ ಜೊತೆ ನಗುತ್ತಿದ್ದಳು. ಅವನನ್ನು ಕಂಡು ನಗು ನಿಂತಿತು. ತಮ್ಮನ ಹೆಂಡತಿ ಎದ್ದು ಒಳಗೆ ಹೋದಳು.

"ನಿನ್ನನ್ನ ಬೈಯಬಾರ್ದು ಅಂತ ಶಪಥ ಮಾಡಿದ್ದೆ ಕಣೇ. ಒಂದು ದಿನಾನೂ ತಪ್ಪಿಲ್ಲ, ನೋಡಿದ್ಯಲ್ಲ?"

"ನೋಡ್ದೆ. ಎಷ್ಟು ಖುಷಿಯಾಗಿತ್ತು ಗೊತ್ತಾ? ಇನ್ಮೇಲೆ ನನ್ನ ಹತ್ರ ನಾಲ್ಕು ಮಾತಾಡ್ತಾರೆ ಅಂತ ಕಾದೆ. ದಿನಾ ಕಾದೆ. ಆಮೇಲೆ, ನನ್ನ ಮುಖ ಕಂಡ್ರೇ ಇವ್ರಿಗೆ ಬೇಜಾರು ಅನ್ಕೊಂಡೆ."

"ಛೆ, ಹಾಗಲ್ಲ."

"ಮತ್ತೆ ಹೇಗೆ? ಈಗ್ಲಾದ್ರೂ ಹೇಳಿ."

ಅವಳು ಬಟ್ಟೆಯನ್ನು ಪಕ್ಕಕ್ಕಿಟ್ಟು ಅವನ ಮುಖವನ್ನೇ ನೋಡುತ್ತ ಕೂತಳು.

ನೀನಿಲ್ಲದೆ ಮನೆ ಬಿಕೋ ಎನ್ನುತ್ತಿದೆ, ಅನ್ನ ಸೇರುತ್ತಿಲ್ಲ, ಬಾ ಎನ್ನಲು ಅವನ ಜೀವ ಹಾತೊರೆಯುತ್ತಿತ್ತು. ಬೈಯುವುದು ಗೊತ್ತಿತ್ತು, ಬಾಯಿ ಮುಚ್ಚುವುದನ್ನು ಕಷ್ಟಪಟ್ಟು ಕಲಿತಿದ್ದ. ಇಂಥದ್ದನ್ನು ಆಡಿ ಅಭ್ಯಾಸವಿದ್ದರೆ ತಾನೆ?

"ಯೂನಿಫಾರ್ಮಿನ ಕಾಜಾ ಎಲ್ಲ ಬಾಕಿ ಇದೆ" ಎಂದ.

ಅವಳು ಬಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡಳು.

"ಯಾರನ್ನಾದ್ರೂ ಕೆಲಸಕ್ಕೆ ಇಟ್ಕೊಳ್ಳಿ" ಎಂದಳು.