ಮುಚ್ಚಳ ಹಾಕಿದ ಮೇಲೆ

ಅರುಣಾಗೆ ಆ ಸಾಫ್ಟ್‌ವೇರಿನ ಮೇಲೆ ಬಂದಿದ್ದ ಸಿಟ್ಟು ಅಷ್ಟಿಷ್ಟಲ್ಲ. ಅದೇನಾದರೂ ಮನುಷ್ಯ ಆಗಿದ್ದರೆ ಕಪಾಳಕ್ಕೆ ಎರಡು ಬಿಟ್ಟು ಆಚೆ ಅಟ್ಟುತ್ತಿದ್ದಳು. ಒಂದು ಗಂಟೆಯ ವಿಡಿಯೋ ಕೊಟ್ಟು, ಒಂದೊಂದು ದೃಶ್ಯ ಬೇರೆ ಮಾಡಿ ಕೊಡೋ ಪುಣ್ಯಾತ್ಮ ಅಂದರೆ, ಅದು ಆರುನೂರ ಹನ್ನೆರಡು ತುಂಡು ಮಾಡಿ ಮುಂದೆ ಸುರುವಿತ್ತು. ಚಿತ್ರ ಥಟ್ಟನೆ ಬದಲಾದ ಕಡೆಯೆಲ್ಲ ಕತ್ತರಿ ಹಾಕಬೇಕು ಅಂತ ಅದಕ್ಕೆ ಕಲಿಸಿದ ಜಾಣರು ಅವಳಪ್ಪ ಮರಿಬಸಪ್ಪ ಕ್ಯಾಮೆರಾ ಹಿಡಿಯುವ ಚಂದ ನೋಡಿರಲಿಲ್ಲ. ಅವನು ಒಂದು ಕಡೆ ನಿಂತು ತೆಗೆದವನೇ ಅಲ್ಲ. ಈಗ ಎಮ್ಮೆ, ಈಗ ಆಕಾಶ, ಈಗ ತನ್ನದೇ ಚಪ್ಪಲಿ, ಮತ್ತೆ ಎಮ್ಮೆ.

ಮುಖ ಗುರುತಿಸೋ ವಿದ್ಯೆಯೂ ಅದಕ್ಕೆ ಬರುತ್ತದಂತೆ. ಎಮ್ಮೆಯ ಮುಖದ ಸುತ್ತ ಚೌಕ ಹಾಕಿ ‘ಇವರು ಯಾರು?’ ಅಂತ ಕೇಳಿತು. ಅವ್ವ ವೀರಭದ್ರಮ್ಮನನ್ನೂ ಬಾದನಹಟ್ಟಿಯ ಅತ್ತೆಯನ್ನೂ ಒಬ್ಬಳೇ ಹೆಂಗಸು ಅಂತ ತೀರ್ಮಾನ ಮಾಡಿಬಿಟ್ಟಿತು. ಆ ಇಬ್ಬರಿಗೂ ಇಪ್ಪತ್ತು ವರ್ಷದಿಂದ ಮಾತಿಲ್ಲ. ಗೊತ್ತಾಗಿದ್ದರೆ ಲ್ಯಾಪ್‌ಟಾಪ್ ಒಡೆಯೋದಕ್ಕಾದರೂ ಇಬ್ಬರೂ ಒಂದಾಗುತ್ತಿದ್ದರು.

ಅರುಣಾ ಬಳ್ಳಾರಿಯಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿದ್ದವಳು. ದಿನಕ್ಕೆ ಇನ್ನೂರು ಟ್ಯೂಬಿಗೆ ಹೆಸರು, ವಯಸ್ಸು, ನಂಬರು ಬರೆದ ಚೀಟಿ ಅಂಟಿಸುವ ಕೈ ಅವಳದು, ಒಂದೂ ತಪ್ಪಿದ್ದಿಲ್ಲ. ಅಪ್ಪ ಹಿಂದೆ ತೆಗೆದಿದ್ದ ಹದಿನಾಲ್ಕು ವಿಡಿಯೋ ಕ್ಯಾಸೆಟ್ಟಿಗೆ ಹೆಸರು ಹಚ್ಚೋದು ಯಾವ ಮಹಾ ಕೆಲಸ ಅಂತ ಕೂತಿದ್ದಳು. ಮೂರು ವಾರಕ್ಕೇ ತಲೆ ಚಿಟ್ಟು ಹಿಡಿದು ಹೋಗಿತ್ತು.

ಅತ್ತ ಎಸೆದು ಸುಮ್ಮನಾಗಬಹುದಿತ್ತು, ಆದರೆ ಆಗುವ ಹಾಗಿರಲಿಲ್ಲ. ಎರಡು ವರ್ಷದ ಹಿಂದೆ ಅಪ್ಪನ ಗಂಟಲಲ್ಲಿ ಗಡ್ಡೆ ಆಗಿ, ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಜೀವ ಉಳಿಯಿತು, ದನಿ ಹೋಯಿತು. ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ಮೂವತ್ತು ವರ್ಷ ಮಷೀನಿನ ಸದ್ದಿನ ಮೇಲೆ ಕೂಗಿ ಕೂಗಿ, ಮನೆಯಲ್ಲಿ ಉಪ್ಪು ಕೇಳಿದರೂ ಓಣಿಗೆಲ್ಲ ಕೇಳಿಸುತ್ತಿದ್ದ ಮನುಷ್ಯ ಅವನು. ಈಗ ಏನು ಬೇಕಾದರೂ ಸ್ಟೀಲ್ ಲೋಟಕ್ಕೆ ಚಮಚ ಬಡಿಯುತ್ತಿದ್ದ. ಒಂದು ಬಡಿದರೆ ನೀರು, ಎರಡು ಬಡಿದರೆ ಚಹಾ.

ಯುಗಾದಿಗೆ ಸಿರುಗುಪ್ಪಕ್ಕೆ ಹೋದಾಗ ಅವ್ವ ಅವಳನ್ನು ಅಡುಗೆಮನೆಗೆ ಕರೆದು, ಅಪ್ಪನಿಗೆ ಕೇಳಿಸದ ಹಾಗೆ ಹೇಳಿದ್ದಳು. “ಅರುಣೀ, ಆ ಕ್ಯಾಸೆಟ್ಟಿನಾಗ ಎಲ್ಲ್ಯಾರ ನಿಮ್ಮಪ್ಪನ ದನಿ ಇದ್ದೀತು ನೋಡವಾ. ಒಂದ್ ಸಲ ಕೇಳಿಸು. ನಂಗ ಮರ್ತ್ ಹೊಂಟೈತಿ. ನಲವತ್ತು ವರ್ಷ ಕೇಳಿ ಕೇಳಿ ಕಿವಿ ತೂತು ಬಿದ್ದಿದ್ವು, ಈಗ ನೆನಿಸಿಕೊಂಡ್ರ ಬರವಲ್ದು.”

ಅರುಣಾ ಬಸ್ಸಿನಲ್ಲಿ ಕೂತು ತಾನೂ ನೆನೆಸಿಕೊಂಡು ನೋಡಿದಳು. ಅಪ್ಪನ ಮಾತು ನೆನಪಿತ್ತು, ದನಿ ಇರಲಿಲ್ಲ. ಅದಕ್ಕೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಕಾಲೇಜಿಗೆ ಹೋಗುವಾಗ ಇದೇ ದನಿಗೆ ನಾಚಿಕೊಂಡು, “ಅಪ್ಪಾ, ಮೆಲ್ಲಕ ಮಾತಾಡಪ್ಪಾ, ಮಂದಿ ನೋಡ್ತಾರ” ಅಂದವಳೂ ತಾನೇ.

ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದಿತ್ತು. ಬಳ್ಳಾರಿಯಲ್ಲಿ ಸ್ಟುಡಿಯೋ ಇಟ್ಟಿದ್ದ ಹಂಪೇಶ್ ಹೇಗೋ ಒಂದು ಸಲ ಓಡಿಸಿ, ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿಕೊಟ್ಟ. “ಒಂದ್ ಸಲ ಓಡಿದ್ದೇ ದೊಡ್ಡದ್ರಿ ಅಕ್ಕಾ. ರೀಲು ಪುಡಿ ಪುಡಿ ಆಗೈತಿ, ಎಸೆದುಬಿಡ್ರಿ” ಅಂದ. ಎಸೆದಳು. ಸಾಫ್ಟ್‌ವೇರ್ ಹಾಕಿಕೊಟ್ಟವನೂ ಅವನೇ.

ಶುರುವಿನಲ್ಲೇ ಅದು ಒಂದು ಪ್ರಶ್ನೆ ಕೇಳಿತ್ತು. ‘ಕಪ್ಪು ದೃಶ್ಯಗಳನ್ನು ಬಿಟ್ಟುಬಿಡಬೇಕೇ?’ ಹೌದು ಮಾರಾಯ, ಬಿಡು ಅಂತ ಒತ್ತಿದ್ದಳು. ಯಾಕೆಂದರೆ ಒಂದೊಂದು ಕ್ಯಾಸೆಟ್ಟಿನಲ್ಲೂ ಅರ್ಧಕ್ಕರ್ಧ ಬರೀ ಕಪ್ಪು. ಆ ಕಾಲದಲ್ಲಿ ಅಷ್ಟು ದುಡ್ಡು ಕೊಟ್ಟು ಕ್ಯಾಮೆರಾ ತಂದು, ಕತ್ತಲೆ ತೆಗೆದಿದ್ದಾನಲ್ಲ ಈ ಪುಣ್ಯಾತ್ಮ ಅಂತ ಬೈದುಕೊಂಡಿದ್ದಳು. ಲ್ಯಾಪ್‌ಟಾಪಿನಲ್ಲಿ ಜಾಗವೂ ಇರಲಿಲ್ಲ. ಅದಕ್ಕೆ ಒಂದೊಂದು ಕ್ಯಾಸೆಟ್ಟಿನ ತುಂಡು ಮುಗಿದ ಕೂಡಲೇ ಅದರ ದೊಡ್ಡ ಫೈಲು ಅಳಿಸಿ, ಮುಂದಿನದಕ್ಕೆ ಜಾಗ ಮಾಡಿಕೊಳ್ಳುತ್ತಿದ್ದಳು.

ಹದಿಮೂರು ಕ್ಯಾಸೆಟ್ ಹೀಗೆ ಮುಗಿದವು. ಅವುಗಳಲ್ಲಿ ಊರಿನವರ ದನಿಯೆಲ್ಲ ಇತ್ತು. ದೇಶನೂರಿನ ಗದ್ದೆಯಲ್ಲಿ ಭತ್ತ ಕೊಯ್ಯುವವರು, ಹೋಳಿಗೆ ಲಟ್ಟಿಸುತ್ತಾ ಜಗಳ ಆಡುವ ಹೆಂಗಸರು, ಹಲ್ಲು ಬಿದ್ದ ಬಾಯಲ್ಲಿ ಪದ್ಯ ಹೇಳುವ ಅರುಣಾ. ಅಪ್ಪನ ದನಿ ಒಂದೇ ಒಂದು ಕಡೆಯೂ ಇರಲಿಲ್ಲ. “ಅಣ್ಣಾ, ಈ ಕಡೆ ತೆಗೀ” ಅಂತ ಯಾರೋ ಕೂಗುತ್ತಿದ್ದರು. ಉತ್ತರವಾಗಿ ಕ್ಯಾಮೆರಾದ ಪಕ್ಕದಿಂದ ಒಂದು ಕೈ ಬಂದು, ಸರಿ ಸರಿ ಅಂತ ಆಡಿ ಹೋಗುತ್ತಿತ್ತು. ಅಷ್ಟೇ. ಇಡೀ ಓಣಿಗೆ ಕೇಳುವ ಹಾಗೆ ಒದರುವ ಮನುಷ್ಯನಿಗೆ ಕ್ಯಾಮೆರಾ ಹಿಡಿದ ತಕ್ಷಣ ಏನು ದೊಡ್ಡರೋಗ ಬಡಿದಿತ್ತು? ಅರುಣಾ ಅಳು ಬರುವಷ್ಟು ಸಿಟ್ಟಿನಿಂದ ಲ್ಯಾಪ್‌ಟಾಪ್ ಮುಚ್ಚಿ, ಅವ್ವನಿಗೆ ಫೋನ್ ಮಾಡಿ, “ಸಿಗವಲ್ದವಾ” ಅಂದಳು. ಅವ್ವ “ಹೋಗ್ಲಿ ಬಿಡು” ಅಂದಳು. ಆ ಬಿಡು ಅನ್ನುವುದನ್ನು ಅರುಣಾಗೆ ಕೇಳಲಾಗಲಿಲ್ಲ.

ಉಳಿದದ್ದು ಹದಿನಾಲ್ಕನೆಯದು ಒಂದು. ಅದನ್ನು ತುಂಡು ಮಾಡುವ ಮೊದಲು ಹಳೆಯ ತುಂಡುಗಳಲ್ಲಿದ್ದ ಗುರುತು ಸಿಗದ ಮುಖಗಳಿಗೆ ಹೆಸರು ಕೇಳೋಣ ಅಂತ ಭಾನುವಾರ ಕುರುಗೋಡಿಗೆ ಹೋದಳು. ಅಲ್ಲಿದ್ದದ್ದು ಅಯ್ಯಣ್ಣ ಕಾಕಾ, ಅಪ್ಪನ ತಮ್ಮ.

ಹೆಸರು ಹೇಳುವುದು ಅತ್ಲಾಗಿರಲಿ, ಕಾಕಾ ತನ್ನದೇ ರಾಗ ತೆಗೆದ. “ನನ್ನ ಮದುವಿ ಎಲ್ಲೈತಿ? ಮೊದಲು ಅದನ್ನ ತೋರಿಸು.”

“ಇಲ್ಲ ಕಾಕಾ. ಯಾ ಕ್ಯಾಸೆಟ್ಟಿನಾಗೂ ಇಲ್ಲ.”

“ಹೆಂಗ ಇರತೈತಿ? ನಿಮ್ಮಪ್ಪ ಅದರ ಮ್ಯಾಲೇ ಭತ್ತದ ಕೊಯ್ಲು ತೆಗದಾನ! ನನ್ನ ಮದುವಿ ಅಳಿಸಿ ಭತ್ತ ತುಂಬ್ಯಾನ. ಇಪ್ಪತ್ತೈದು ವರ್ಷ ಆತು, ನಿಮ್ಮ ಕಾಕು ಇನ್ನೂ ನನ್ನ ಬೈತಾಳ.”

“ಯಾಕ ಅಳಿಸಿದ?”

“ನಾಚಿಕಿ ಆಗಿ! ಅದು ಮೊದಲನೇ ಕ್ಯಾಸೆಟ್. ಟಿವಿಗೆ ಹಾಕಿ ನೋಡಿದ್ರ ಮಂತ್ರ ಇಲ್ಲ, ವಾಲಗ ಇಲ್ಲ, ಬರೇ ಇವನ ಒದರಾಟ. ‘ಏ ಸರೀರಿ, ಏ ಬಗ್ಗರಿ, ಏ ಅಕ್ಷತಿ ಕೊಡ್ರಿ.’ ಎಲ್ಲಾರೂ ಬಿದ್ದು ಬಿದ್ದು ನಕ್ರು. ನಾನೂ ನಾಕು ಮಂದಿ ಮುಂದ ಏನೋ ಅಂದೆ. ಅವತ್ತಿಂದ ಕ್ಯಾಮೆರಾ ಕಣ್ಣು ತೆರದಿದ್ರ ಅಂವ ಬಾಯಿ ತೆರೀಲಿಲ್ಲ ನೋಡು. ಬರೇ ಕೈಸನ್ನಿ. ಮುಚ್ಚಳ ಹಾಕಿದ ಮ್ಯಾಲೇ ಮಾತು.”

“ಮುಚ್ಚಳ ಅಂದ್ರ?”

“ಕ್ಯಾಮೆರಾ ಮೂತಿಗೆ ಕರೇ ಮುಚ್ಚಳ ಇರತೈತೆಲ್ಲ. ಮಿಲ್ಲಿನಾಗ ಧೂಳು ಅಂತ ಎಲ್ಲಾದಕ್ಕೂ ಮುಚ್ಚಳ ಹಾಕೋ ಚಟ ಅವನಿಗೆ. ಇದಕ್ಕೂ ಹಾಕಿ ಗೂಟಕ್ಕ ನೇತು ಹಾಕಿಬಿಡೋನು.”

“ಬಂದ್ ಮಾಡ್ತಿದ್ನಾ?”

ಕಾಕಾ ನಕ್ಕ. “ಬಂದ್ ಯಾಕ? ಮುಚ್ಚಳ ಹಾಕಿದ್ರ ಬಂದ್ ಆದಂಗ ಅಂತ ತಿಳಿದಿದ್ದ. ಮೂರು ವರ್ಷ ಹಂಗೇ ಮಾಡಿದ. ಬ್ಯಾಟ್ರಿ ನಿಲ್ಲಂಗಿಲ್ಲ, ಅಂಗಡಿಯವ ಮೋಸ ಮಾಡ್ಯಾನ ಅಂತ ಅವನ ಜೋಡಿ ಜಗಳ ಬ್ಯಾರೆ.”

ಅರುಣಾಗೆ ಥಟ್ಟನೆ ಹೊಳೆಯಿತು. ಒಂದೊಂದು ಕ್ಯಾಸೆಟ್ಟಿನ ಅರ್ಧ ಕಪ್ಪು. ಕ್ಯಾಮೆರಾ ಕಣ್ಣು ಮುಚ್ಚಿಕೊಂಡು, ಕಿವಿ ತೆರೆದುಕೊಂಡು ಗೂಟದಲ್ಲಿ ನೇತಾಡುತ್ತಿತ್ತು. ಅಪ್ಪ ಕೆಳಗೆ ಕೂತು ಮನಸ್ಸು ಬಿಚ್ಚಿ ಒದರುತ್ತಿದ್ದ. ಅದಷ್ಟನ್ನೂ ಅವಳು ಬಿಟ್ಟುಬಿಡು ಅಂತ ಒತ್ತಿ, ಅಳಿಸಿ, ಅಳಿಸಿದ ಜಾಗದಲ್ಲಿ ಎಮ್ಮೆ ತುಂಬಿದ್ದಳು. ಅಪ್ಪ ತಮ್ಮನ ಮದುವೆಗೆ ಮಾಡಿದ್ದನ್ನೇ ಮಗಳು ಅಪ್ಪನಿಗೆ ಮಾಡಿದ್ದಳು.

ಹದಿನಾಲ್ಕನೆಯದನ್ನು ಅಲ್ಲೇ ತೆರೆಯೋಣ ಅಂದರೆ ಮುಖ ತೋರಿಸಿ ತೋರಿಸಿ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿತ್ತು. ಕುರುಗೋಡಿನಲ್ಲಿ ಬೆಳಿಗ್ಗೆಯಿಂದ ಕರೆಂಟಿಲ್ಲ. “ಅಲ್ಲೇ ಕುಡತಿನಿಯಾಗ ಕರೆಂಟ್ ಮಾಡೋ ಫ್ಯಾಕ್ಟರಿದು ಅಷ್ಟು ದೊಡ್ಡ ಹೊಗಿ ಕೊಳವಿ ಐತಿ, ನಮಗ ಒಂದು ಫ್ಯಾನ್ ತಿರುಗಂಗಿಲ್ಲ” ಅಂತ ಕಾಕಾ ಬೈಯುತ್ತಿರುವಾಗಲೇ ಅರುಣಾ ಚಪ್ಪಲಿ ಮೆಟ್ಟಿದ್ದಳು. ಊಟಕ್ಕೂ ನಿಲ್ಲದೆ ಸಿರುಗುಪ್ಪದ ಬಸ್ಸು ಹತ್ತಿದಳು.

ಬಸ್ಸಿನಲ್ಲಿ ಹಂಪೇಶನಿಗೆ ಫೋನ್ ಮಾಡಿದಳು. “ನನ್ನ ಫೈಲು ನಿನ್ನ ಹತ್ರ ಅದಾವೇನಪ್ಪಾ?”

“ಎಲ್ಲೀವು ಅಕ್ಕಾ, ಕೊಟ್ಟ ಮರುದಿನಾನೇ ಅಳಿಸೀನಿ. ಮಂದಿ ಮನೀ ವಿಡಿಯೋ ನಾ ಇಟ್ಕಂಡ್ರ ಸರಿ ಇರಲ್ರಿ.”

“ನಾನೂ ಅಳಿಸೀನಿ. ವಾಪಸ್ ತೆಗಿಯಾಕ ಬರತೈತೇನು?”

“ಅದರ ಮ್ಯಾಲೆ ಮತ್ತೇನಾರ ತುಂಬೀರೇನು?”

“ತುಂಬೀನಿ.”

“ಹಂಗಾರ ಕಷ್ಟ ಐತ್ರಿ ಅಕ್ಕಾ” ಅಂದ ಹಂಪೇಶ್. ಅರುಣಾ ಕಿಟಕಿಯ ಕಡೆ ಮುಖ ತಿರುಗಿಸಿ, ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಟಿಕೆಟ್ ಕೇಳಲು ಬಂದ ಕಂಡಕ್ಟರು ಆಮೇಲೆ ಬರ್ತೀನಿ ಅನ್ನುವ ಹಾಗೆ ಮುಂದೆ ಹೋದ.

ಸಿರುಗುಪ್ಪದ ಮನೆಗೆ ಬಂದಾಗ ಅಪ್ಪ ಪಡಸಾಲೆಯಲ್ಲಿ ಕೂತಿದ್ದ. ಕುತ್ತಿಗೆಯ ತೂತಿನ ಮೇಲೆ ತೆಳ್ಳನೆ ಬಿಳಿ ಬಟ್ಟೆ, ಪಕ್ಕದಲ್ಲಿ ಲೋಟ, ಚಮಚ. ಅವ್ವ ಒಳಗೆ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದಳು, ಮಗಳು ಬಂದದ್ದೂ ಅವಳಿಗೆ ಗೊತ್ತಾಗಲಿಲ್ಲ. ಅರುಣಾ ಸೀದಾ ಹೋಗಿ ಲ್ಯಾಪ್‌ಟಾಪಿನ ವೈರು ಗೋಡೆಗೆ ಚುಚ್ಚಿ, ಹದಿನಾಲ್ಕನೆಯ ಫೈಲು ತೆರೆದಳು. ಎಮ್ಮೆ, ಆಕಾಶ, ಚಪ್ಪಲಿ. ಆಮೇಲೆ ಕಟಕ್ ಅಂತ ಸದ್ದಾಗಿ ಪರದೆ ಕಪ್ಪಾಯಿತು. ಸೌಂಡನ್ನು ಪೂರಾ ಏರಿಸಿಬಿಟ್ಟಳು.

ಮೊದಲು ಬರೀ ಗುಂಯ್ ಅನ್ನುವ ಸದ್ದು. ಯಾರೋ ಕೆಮ್ಮಿದರು. ಮಂಚ ಕಿರ್ರೆಂದಿತು. ಮರಿಬಸಪ್ಪ ಕಪ್ಪು ಪರದೆಯನ್ನೂ ಮಗಳನ್ನೂ ನೋಡಿ, ಇದೇನು ಹುಚ್ಚು ಅನ್ನುವ ಹಾಗೆ ಕೈ ಆಡಿಸಿದ. ಅದೇ ವಿಡಿಯೋದ ಕೈ.

ಅಷ್ಟರಲ್ಲಿ ಪಡಸಾಲೆಯೆಲ್ಲ ಅದುರುವ ಹಾಗೆ ಲ್ಯಾಪ್‌ಟಾಪ್ ಒದರಿತು.

“ಏ ಅರುಣೀನವ್ವಾ! ಎಲ್ಲಿ ಅದೀ? ಒಂದು ಲೋಟ ನೀರು ತಾರ!”

“ಬಂದೆ ತಡೀರಿ, ಎಷ್ಟ್ ಒದರತೀರಿ!”

ಆ ಉತ್ತರ ಲ್ಯಾಪ್‌ಟಾಪಿನಿಂದಲೂ ಬಂತು, ಅಡುಗೆಮನೆಯಿಂದಲೂ ಬಂತು. ಎರಡೂ ಒಂದೇ ಸಿಡುಕು, ಒಂದು ಎಳೆಯದು, ಒಂದು ಮುಪ್ಪಾದದ್ದು. ಹಿಂದೆಯೇ ವೀರಭದ್ರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, ತುಂಬಿದ ಲೋಟ ಹಿಡಿದು, ಎರಡು ವರ್ಷದಿಂದ ಬೈಯದೆ ಉಳಿಸಿಕೊಂಡಿದ್ದ ಸಿಟ್ಟಿನಲ್ಲಿ ಮುಖ ಗಂಟು ಹಾಕಿಕೊಂಡೇ ಬಾಗಿಲಿಗೆ ಬಂದಳು. ಬಂದವಳು ಅಲ್ಲೇ ನಿಂತಳು. ಗಂಡನ ಮುಚ್ಚಿದ ಬಾಯಿ ನೋಡಿದಳು, ಕಪ್ಪು ಪರದೆ ನೋಡಿದಳು. ಲೋಟದ ನೀರು ತುಳುಕಿ ಕಾಲ ಮೇಲೆ ಬಿತ್ತು.

ಮರಿಬಸಪ್ಪ ಚಮಚ ಮುಟ್ಟಲಿಲ್ಲ. ಎದ್ದು ಹೋಗಿ ಅವಳ ಕೈಯಿಂದ ಲೋಟ ತೆಗೆದುಕೊಂಡು, ನಿಧಾನಕ್ಕೆ ಅಷ್ಟೂ ಕುಡಿದ.

“ತಂದ್ಯಾ?” ಅಂದಿತು ಕತ್ತಲಿನ ದನಿ. ಈಗ ಅದರಲ್ಲಿ ಒದರಾಟ ಇರಲಿಲ್ಲ. ಯಾರೂ ಕೇಳುತ್ತಿಲ್ಲ ಅಂದುಕೊಂಡ ಮನುಷ್ಯನ ದನಿ ಅದು. ಅಪ್ಪನಿಗೆ ಇಷ್ಟು ಮೆಲ್ಲಗೆ ಮಾತಾಡಲೂ ಬರುತ್ತಿತ್ತು ಅಂತ ಅರುಣಾಗೆ ಗೊತ್ತೇ ಇರಲಿಲ್ಲ. “ಮುಂಜಾನಿಂದ ನಿಂತೇ ಅದೀಯಲ್ಲ. ಆ ಕೆಲಸ ಎಲ್ಲಿಗೂ ಓಡಿಹೋಗಂಗಿಲ್ಲ. ಬಾ, ಕುಂದ್ರು ಇಲ್ಲಿ.”

ಒಲೆಯ ಮೇಲೆ ಒಗ್ಗರಣೆ ಸೀಯುವ ವಾಸನೆ ಬರುತ್ತಿತ್ತು. ವೀರಭದ್ರಮ್ಮ ಗಂಡನ ಪಕ್ಕ ಕೂತಳು.