ಕಟ್ಟದ ಆಸ್ಪತ್ರೆಯ ಅಡಿಗಲ್ಲು

ನಾನು ಒಂದು ಅಡಿಗಲ್ಲು. ಇಳಕಲ್ಲಿನ ಕೆಂಪು ಗಣಿಯಲ್ಲಿ ಹುಟ್ಟಿದೆ. ನನ್ನನ್ನು ಸೀಳಿ, ಉಜ್ಜಿ, ಎದೆಯ ಮೇಲೆ ‘ಹೆರಿಗೆ ಆಸ್ಪತ್ರೆ, ಹೊಸಗುಡ್ಡ’ ಎಂದು ಸಣ್ಣಗೆ, ಶಾಸಕರ ಹೆಸರನ್ನು ದಪ್ಪಗೆ ಕೊರೆದರು. ಆ ಅಳತೆ ನೋಡಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಶಾಸಕ ಚಂದಪ್ಪಗೌಡರು ಪರದೆ ಎಳೆದರು, ಕಾಯಿ ಒಡೆದರು, ಹೋದರು. ಆಮೇಲೆ ಒಂದು ಬುಟ್ಟಿ ಮರಳೂ ಬರಲಿಲ್ಲ. ಸುತ್ತ ಜಾಲಿ ಬೆಳೆಯಿತು. ನನಗೆ ಆಸರೆಯಾಗಿದ್ದ ಇಟ್ಟಿಗೆ ಕುಸಿದು ನಾನು ಮಣ್ಣುಪಾಲಾದೆ.

ನನ್ನನ್ನು ಎತ್ತಿದವಳು ಹುಲಿಗೆವ್ವ. ಅವಳ ಸೊಸೆ ತಾಲ್ಲೂಕು ಆಸ್ಪತ್ರೆಯ ದಾರಿಯಲ್ಲಿ, ಟಂಟಂ ಗಾಡಿಯಲ್ಲೇ ಹೆತ್ತಿದ್ದಳು, ಕೂಸು ಉಳಿಯಲಿಲ್ಲ. ಹುಲಿಗೆವ್ವ ನನ್ನನ್ನು ಹಳ್ಳದ ದಂಡೆಗೆ ಉರುಳಿಸಿ, ಅಕ್ಷರ ಕೆಳಗೆ ಮಾಡಿ, ಒಗೆಯುವ ಕಲ್ಲಾಗಿಸಿದಳು. “ಆಂವನ ಹೆಸರಿನ ಮ್ಯಾಲ ಒಗದ್ರ ಅರಿವಿ ಕೊಳಿ ಹೋಗಂಗಿಲ್ಲ” ಎಂದು ಬೈಯುತ್ತಲೇ ಬಟ್ಟೆ ಬಡಿಯುತ್ತಿದ್ದಳು.

ಚುನಾವಣೆ ಬಂತು. ವಾರಪತ್ರಿಕೆಯ ಮೆಹರುನ್ನೀಸಾ, ಶಾಸಕರು ಹೇಳಿದ್ದೇನು, ಮಾಡಿದ್ದೇನು ಎಂದು ಕೆದಕಿ ಬರೆದಳು. ಬಾರದ ಆಸ್ಪತ್ರೆಯ ಕಥೆಯೂ ಅದರಲ್ಲಿತ್ತು.

“ಅಲ್ಲಿ ನಾ ಅಡಿಗಲ್ಲೇ ಹಾಕಿಲ್ಲ! ಕ್ಷಮಾ ಕೇಳು, ಇಲ್ಲಾ ಕೋರ್ಟಿಗೆ ಬಾ” ಎಂದು ಗೌಡರು ಗುಡುಗಿದರು. ಅಂದಿನ ಫೋಟೊಗಳೆಲ್ಲ ಅವರ ಮನೆಯಲ್ಲೇ ಇದ್ದವಲ್ಲ, ಬೇರೆಯವರ ಕೈಯಲ್ಲಿ ಒಂದೂ ಇರಲಿಲ್ಲ! ಸಂಪಾದಕರು ಹೆದರಿ, ಸಾಕ್ಷಿ ತಾ ಇಲ್ಲವೇ ಕೆಲಸ ಬಿಡು ಎಂದರು.

ಮೆಹರುನ್ನೀಸಾ ಜಾಲಿಯಲ್ಲೆಲ್ಲ ನನ್ನನ್ನು ಹುಡುಕಿ, ಮುಳ್ಳು ಗೀರಿದ ಕೈ ತೊಳೆಯಲು ಹಳ್ಳಕ್ಕೆ ಬಂದಳು. ಕಣ್ಣು ತುಂಬಿದ್ದವು.

“ಏನ್ ಕಳಕೊಂಡೀಯವಾ?” ಎಂದಳು ಹುಲಿಗೆವ್ವ.

“ಕಲ್ಲು, ಆಯಿ. ಗೌಡ್ರ ಹೆಸರಿಂದು.”

ಹುಲಿಗೆವ್ವ ನಕ್ಕೇಬಿಟ್ಟಳು. “ಹಿಡಿ ಒಂದ್ ಕಡೆ!”

ಇಬ್ಬರೂ ನನ್ನನ್ನು ಹೊರಳಿಸಿದರು. ನೀರು ಸುರಿದಾಗ ಹೆಸರು, ತಾರೀಕು ಎಲ್ಲ ಹೊಳೆದವು. ಅಷ್ಟು ವರ್ಷ ಮಣ್ಣು ತಿಂದಿದ್ದ ನಾನು ಅಂದು ಎದೆಯುಬ್ಬಿಸಿ ಮಲಗಿದೆ.

ಮೆಹರುನ್ನೀಸಾ ತೆಗೆದ ನನ್ನ ಚಿತ್ರ ಪತ್ರಿಕೆಯಲ್ಲಿ ಅಚ್ಚಾದ ದಿನವೇ ಗೌಡರ ಮಂದಿ ಹಾರೆ ಹಿಡಿದು ಬಂದರು. “ಹೊಸಾ ಕಲ್ಲ ಕೊಡ್ತೀವಿ, ಸರಿಯಬೇ.”

ಹುಲಿಗೆವ್ವ ನನ್ನ ಮೇಲೆ ಗಟ್ಟಿಯಾಗಿ ಕೂತಳು. ದಂಡೆಯ ಹೆಂಗಸರೆಲ್ಲ ಒಗೆಯುವ ಬಡಿಗೆ ಹಿಡಿದು ಸುತ್ತ ನಿಂತರು. “ಕಲ್ಲ ಬ್ಯಾಡ, ದವಾಖಾನಿ ಕೊಡ್ರಿ!”

ಬಂದ ದಾರಿಗೆ ಸುಂಕವಿಲ್ಲವೆಂದು ಹಾರೆಯವರು ಹೊರಟುಹೋದರು. ಕೋರ್ಟಿನ ಮಾತೂ ತಣ್ಣಗಾಯಿತು. ಮೆಹರುನ್ನೀಸಾ ಕ್ಷಮೆ ಕೇಳಲಿಲ್ಲ, ಕೆಲಸವನ್ನೂ ಬಿಡಲಿಲ್ಲ.

ಈಗ ನನಗೆ ವಯಸ್ಸಾಗಿದೆ, ಒಂದು ಮೂಲೆ ಮುಕ್ಕಾಗಿದೆ. ಆದರೆ ಅಕ್ಷರ ಮೇಲೆ ಮಾಡಿಯೇ ಮಲಗಿದ್ದೇನೆ. ಮತ ಕೇಳಲು ಯಾವ ಪಕ್ಷದವರೇ ಬರಲಿ, ಹುಲಿಗೆವ್ವ ನನ್ನತ್ತ ಬೆರಳು ತೋರಿಸುತ್ತಾಳೆ: “ಮೊದಲ ಇದನ್ನ ಓದ್ರಿ, ಆಮ್ಯಾಲ ಮಾತಾಡ್ರಿ.”

ಆಸ್ಪತ್ರೆ ಏಳುವವರೆಗೆ ನಾನು ಇಲ್ಲಿಂದ ಏಳುವುದಿಲ್ಲ.